ಫ್ರೆಂಚ್ ನಾಟ್ ಕಲಿಸಿದವರಿಗೆ

ಹೆಸರು ಹಾಕಬೇಡಿ ಎಂದು ನೀವೇ ಹೇಳಿದ್ದೀರಿ, ಹಾಗಾಗಿ ಹಾಕುತ್ತಿಲ್ಲ. ಆದರೆ ಕಸೂತಿಯ ಮೊದಲ ಹೊಲಿಗೆಗಳನ್ನು ನನ್ನ ಕೈಗೆ ಹತ್ತಿಸಿದವರು ನೀವು. ಅದನ್ನು ನಾಲ್ಕು ಜನರ ಮುಂದೆ ಹೇಳದೆ ಇರಲಾರೆ.

ರನ್ನಿಂಗ್ ಸ್ಟಿಚ್, ಬ್ಯಾಕ್ ಸ್ಟಿಚ್ ಬೇಗ ಬಂದವು. ಸ್ಟೆಮ್ ಸ್ಟಿಚ್‌ನಲ್ಲಿ ದಾರ ಸದಾ ಒಂದೇ ಬದಿಗಿರಬೇಕು, ಆಗಲೇ ಹಗ್ಗದ ಹುರಿಯಂತೆ ಕಾಣುತ್ತದೆ ಎಂದಿರಿ. ಅಷ್ಟೇ ಸಾಕಾಯಿತು.

ಫ್ರೆಂಚ್ ನಾಟ್ ಎಂಬ ಪುಟ್ಟ ಗಂಟಿನ ಹೊಲಿಗೆ ಮಾತ್ರ ಬೇರೆ. ಅದಕ್ಕೆ ನೀವು ಕೊಟ್ಟ ಸಮಯವನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ದಾರವನ್ನು ಸೂಜಿಗೆ ಎರಡು ಸುತ್ತು ಸುತ್ತಿ, ಇನ್ನೊಂದು ಕೈಯಿಂದ ಹದವಾಗಿ ಬಿಗಿ ಹಿಡಿದು, ಸೂಜಿಯನ್ನು ಬಂದ ತೂತಿಗೇ ಇಳಿಸದೆ ಬಟ್ಟೆಯ ಒಂದೆರಡು ಎಳೆ ಪಕ್ಕದಲ್ಲಿ ಇಳಿಸಬೇಕು. ಆ ಒಂದೆರಡು ಎಳೆಯೇ ಗಂಟನ್ನು ತಡೆದು ನಿಲ್ಲಿಸುವುದು. ಇಲ್ಲದಿದ್ದರೆ ಅದು ಹಿಂಬದಿಗೆ ಜಾರಿಬಿಡುತ್ತದೆ. ಹೇಗೆ ಮಾಡಬೇಕೆಂದು ತೋರಿಸುವವರು ಬಹಳ ಜನ. ಯಾಕೆ ಹಾಗೆ ಎಂದು ಬಿಡಿಸಿ ಹೇಳುವವರು ಅಪರೂಪ, ನೀವು ಅಂಥವರು.

ಆರೆಳೆಯ ದಾರದಿಂದ ಒಂದೊಂದೇ ಎಳೆ ಬಿಡಿಸಿ ಮತ್ತೆ ಜೋಡಿಸಿಕೊಳ್ಳುವುದು, ದಾರವನ್ನು ಸುಮಾರು 45 ಸೆಂ.ಮೀ.ಗೇ ಕತ್ತರಿಸುವುದು, ಹುರಿಗೊಂಡಾಗ ಸೂಜಿಯನ್ನು ಕೆಳಗೆ ಇಳಿಬಿಟ್ಟು ತಾನಾಗಿ ಬಿಚ್ಚಿಕೊಳ್ಳಲು ಬಿಡುವುದು, ಇವೆಲ್ಲ ನಿಮ್ಮಿಂದಲೇ ಬಂದವು. ನನ್ನ ತುಣುಕು ಕೈಗೆ ಸಿಕ್ಕರೆ ಮೊದಲು ಹಿಂಬದಿಯನ್ನೇ ತಿರುಗಿಸಿ, ದಾರ ಎಲ್ಲಿ ಉದ್ದಕ್ಕೆ ಜಿಗಿದಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಿರಿ, ಒಂದು ಸಲವೂ ಬೇಸರಿಸದೆ.

ಈಗ ಚೈನ್ ಸ್ಟಿಚ್‌ನಲ್ಲಿ ಬಳ್ಳಿಯೊಂದನ್ನು ಶುರು ಮಾಡಿದ್ದೇನೆ. ಮುಗಿದ ಮೇಲೆ ನಿಮಗೇ ಕೊಡುತ್ತೇನೆ, ಬೇಡ ಎನ್ನಬೇಡಿ. ತುಂಬು ಹೃದಯದ ಧನ್ಯವಾದಗಳು.