ನಾಲೆ ಬಿಟ್ಟು ಕೆರೆಗೆ ಬಾ

ಪ್ರೀತಿಯ ಗೆಳೆಯ,

ಕೆರೆಯಲ್ಲಿ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕುವ ಆಟ, ಸ್ಟ್ಯಾಂಡ್-ಅಪ್ ಪ್ಯಾಡ್ಲಿಂಗ್ ಅಂತಾರಲ್ಲ, ಅದನ್ನು ಕಲಿಯುತ್ತಿರುವ ನನ್ನ ಫೋಟೊ ನೋಡಿ ನೀನು ಕಳಿಸಿದ ಮೆಸೇಜನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. "ಹಲಗೆ ಮೇಲೆ ನಿಂತ್ಕೊಳ್ಳೋದಕ್ಕೂ ಒಬ್ಬ ಮೇಷ್ಟ್ರು ಬೇಕೇನೋ? ವಿ.ಸಿ. ನಾಲೇಲಿ ಈಜು ಕಲ್ತವರು ಕಣೋ ನಾವು" ಅಂತ ಬರೆದಿದ್ದೀಯ. ಜೊತೆಗೆ, ಮೈಸೂರಿಗೆ ಯಾಕೆ ಬರಬೇಕು, ಮಂಡ್ಯದಲ್ಲೇ ನಮ್ಮ ವಿಶ್ವೇಶ್ವರಯ್ಯ ನಾಲೆ ಇದೆಯಲ್ಲ, ಬೋರ್ಡ್ ತಗೊಂಡು ನೀನೇ ಬಾ ಅಂತ ಬೇರೆ. ಫೋನ್ ಮಾಡಿದರೆ ನೀನು ಮಾತಾಡೋಕೆ ಬಿಡಲ್ಲ. ಅದಕ್ಕೇ ಈ ಪತ್ರ. ನಮ್ಮ ಬ್ಯಾಚಿನ ಇನ್ನೂ ಕೆಲವರು ಇದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಎಲ್ಲರಿಗೂ ಕಾಣುವ ಹಾಗೇ ಹಾಕುತ್ತಿದ್ದೇನೆ.

ನಾಲೆ ಬೇಡ. ಚಿಕ್ಕಂದಿನಲ್ಲಿ ನಮಗೆ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಮೇಲಿಂದ ನೋಡಿದರೆ ನಾಲೆಯ ನೀರು ಸಾಧುವಾಗಿ ಹರಿಯುವ ಹಾಗೆ ಕಾಣುತ್ತದೆ, ಒಳಗಿನ ಸೆಳೆತವೇ ಬೇರೆ. ಕಾಂಕ್ರೀಟ್ ಲೈನಿಂಗ್ ಮಾಡಿದ ಕಡೆ ದಡ ಇಳಿಜಾರು, ಅದರ ಮೇಲೆ ಪಾಚಿ. ಬಿದ್ದವನಿಗೆ ಹಿಡಿದುಕೊಳ್ಳೋಕೆ ಒಂದು ಗರಿಕೆಯೂ ಸಿಗಲ್ಲ. ಮುಂದೆ ಸೇತುವೆ ಕಂಬ ಬರುತ್ತದೆ, ತೂಬು ಬರುತ್ತದೆ. ನಾಲೆ ಒಳಗೆ ನುಗ್ಗುವ ಹುಲಿಕೆರೆ ಸುರಂಗದ ಬಾಯಿ ನೀನೂ ನೋಡಿದ್ದೀಯ. ಬೋರ್ಡ್ ಮೇಲೆ ಕಲಿಯುವವನು ಮೊದಲು ಮಾಡುವ ಕೆಲಸವೇ ಬೀಳುವುದು. ಬಿದ್ದ ಜಾಗದಲ್ಲೇ ಮತ್ತೆ ಹತ್ತೋಕೆ ಆಗಬೇಕು.

ಹಾಗಾದರೆ ಶ್ರೀರಂಗಪಟ್ಟಣದ ಹೊಳೆ ಅಂತ ಕೇಳುತ್ತೀಯ. ಅದೂ ಬೇಡ. ಬಂಡೆ, ಸುಳಿ ಹಾಗಿರಲಿ, ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತದೆ ಅಂತ ರಂಗನತಿಟ್ಟಿನ ಮೊಸಳೆಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಬೆಳಿಗ್ಗೆ ಪೇಪರ್ ಬಿಚ್ಚಿದರೆ ಕೆಆರ್‌ಎಸ್ ಕಟ್ಟೆ ತುಂಬಿ 124.80 ಅಡಿ ಮುಟ್ಟಿತಾ ಅಂತ ಮೊದಲು ನೋಡುವ ಮನುಷ್ಯ ನೀನು. ಗೇಟ್ ಎತ್ತಿದರೆ ಹೊಳೆ ಹೇಗೆ ಏರುತ್ತದೆ ಅಂತ ನಿನಗೆ ನಾನು ಹೇಳಬೇಕಾ? ಕೆಆರ್‌ಎಸ್ ಹಿನ್ನೀರು ಚೆನ್ನಾಗಿದೆ, ಆದರೆ ಬಯಲು ಜಾಸ್ತಿ. ಗಾಳಿ ಎದ್ದರೆ ತಡೆಯೋಕೆ ಏನೂ ಇಲ್ಲ. ಇನ್ನು ಕುಕ್ಕರಹಳ್ಳಿ ಕೆರೆ ವಾಕಿಂಗ್ ಮಾಡುವವರದು, ಹಕ್ಕಿಗಳದು. ಅಲ್ಲಿ ನೀರಿಗಿಳಿಯುವ ಮಾತೇ ಇಲ್ಲ.

ನಾವು ಹೋಗುವುದು ವರುಣಾ ಕೆರೆಗೆ. ತಿ. ನರಸೀಪುರ ರಸ್ತೆಯಲ್ಲಿ ಸಿಗುತ್ತದೆ. ಅಲ್ಲಿ ಜಲಕ್ರೀಡೆ ನಡೆಸುವವರನ್ನು ಕೇಳಿಕೊಂಡೇ ಇಳಿಯುತ್ತೇವೆ, ಅದೂ ಬೆಳಿಗ್ಗೆ ಬೇಗ, ಮೋಟಾರ್ ಬೋಟ್‌ಗಳ ಓಡಾಟ ಶುರುವಾಗುವ ಮೊದಲು. ಬೋರ್ಡ್ ನಮ್ಮ ಆಫೀಸಿನ ಹುಡುಗನದು. ಉಡುಪಿ ಕಡೆಯವನು, ನೀರಲ್ಲೇ ಬೆಳೆದವನು. ಅವನೇ ನಮ್ಮ ಮೇಷ್ಟ್ರು.

ನೀನು ಹಲಗೆ ಅಂದೆ. ಇದು ಮರದ್ದಲ್ಲ, ಗಾಳಿ ತುಂಬುವ ಬೋರ್ಡ್. ಮಡಚಿದರೆ ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ ಹೋಗುತ್ತದೆ. ಬಿಚ್ಚಿ ಪಂಪ್ ಹೊಡೆದರೆ ಹತ್ತೂವರೆ ಅಡಿ ಉದ್ದ, 32 ಅಂಗುಲ ಅಗಲ, 6 ಅಂಗುಲ ದಪ್ಪ. ಕಲಿಯುವವರಿಗೆ ಇಷ್ಟು ಅಗಲ ಬೇಕೇ ಬೇಕು. ಒಳಗಿನ ಒತ್ತಡ 15 ಪಿಎಸ್‌ಐ ಹತ್ತಿರ ಬರುವಷ್ಟು ಗಾಳಿ ತುಂಬಬೇಕು. ಕಾರಿನ ಟೈರಿಗೆ ಹೋಲಿಸಿದರೆ ಅರ್ಧದಷ್ಟು, ಆದರೂ ಕೈ ಪಂಪಿನಲ್ಲಿ ಕೊನೆಯ ನಾಲ್ಕು ಪಿಎಸ್‌ಐ ಏರಿಸುವಷ್ಟರಲ್ಲಿ ಅಂಗಿ ಒದ್ದೆ. ಸಾಕು ಬಿಡು ಅಂತ ಅಲ್ಲಿಗೇ ನಿಲ್ಲಿಸಿದರೆ ನಿಂತ ಮೇಲೆ ಬೋರ್ಡ್ ನಡುವೆ ಬಗ್ಗುತ್ತದೆ, ಮೂತಿಯೂ ಬಾಲವೂ ಮೇಲೇಳುತ್ತವೆ. ಆಮೇಲೆ ಎಷ್ಟು ಸರ್ಕಸ್ ಮಾಡಿದರೂ ನೆಟ್ಟಗೆ ಹೋಗಲ್ಲ.

ಈಗ ನಿಲ್ಲುವ ವಿಷಯಕ್ಕೆ ಬರೋಣ. ನಿನ್ನ ಈಜು, ನಿನ್ನ ತೋಳು, ಗದ್ದೆಯಲ್ಲಿ ಮೂಟೆ ಹೊತ್ತ ಬೆನ್ನು, ಇವು ಯಾವೂ ಇಲ್ಲಿ ಕೆಲಸಕ್ಕೆ ಬರಲ್ಲ. ಬೇಕಾಗಿರುವುದು ಕಣ್ಣು ಮತ್ತು ಪಾದ. ಮೊದಲು ಮೊಣಕಾಲೂರಿ ಕೂರಬೇಕು, ಬೋರ್ಡಿನ ನಡುವೆ ಎತ್ತಿಕೊಳ್ಳೋಕೆ ಒಂದು ಹಿಡಿ ಇರುತ್ತದಲ್ಲ, ಅದರ ಎರಡೂ ಪಕ್ಕಕ್ಕೆ ಕಾಲು ಬರುವ ಹಾಗೆ. ಹಾಗೇ ಸ್ವಲ್ಪ ದೂರ ಹೋಗಬೇಕು. ನಿಲ್ಲುವ ಮೊದಲು ವೇಗ ಇದ್ದರೆ ಒಳ್ಳೆಯದು. ನಿಂತ ಬೋರ್ಡ್ ಜಾಸ್ತಿ ಓಲಾಡುತ್ತದೆ, ಓಡುವ ಬೋರ್ಡ್ ಕಡಿಮೆ. ಸೈಕಲ್ ಹೇಗೋ ಹಾಗೆ. ಆಮೇಲೆ ಎರಡೂ ಕೈ ಊರಿ ಒಂದು ಪಾದ, ಇನ್ನೊಂದು ಪಾದ, ಮಂಡಿ ಸ್ವಲ್ಪ ಬಗ್ಗಿಸಿಕೊಂಡೇ ಏಳಬೇಕು. ಪಾದ ಎರಡೂ ಮುಂದಕ್ಕೆ ನೋಡುತ್ತಿರಬೇಕು, ಸೊಂಟದಷ್ಟು ಅಗಲದಲ್ಲಿ. ಸರ್ಫಿಂಗ್ ಮಾಡುವವರ ಹಾಗೆ ಪಕ್ಕಕ್ಕೆ ತಿರುಗಿ ನಿಲ್ಲುವುದು ಇದರಲ್ಲಿಲ್ಲ.

ಎದ್ದ ತಕ್ಷಣ ಎಲ್ಲರೂ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಾರೆ. ಅಲ್ಲೇ ಬೀಳುವುದು. ತಲೆ ಬಗ್ಗಿತು ಅಂದರೆ ಭಾರ ಮುಂದಕ್ಕೆ ಹೋಯಿತು. ದೂರದ ದಡದಲ್ಲಿ ಒಂದು ತೆಂಗಿನ ಮರ ಗುರುತು ಮಾಡಿಕೋ, ಅದನ್ನು ಬಿಡಬೇಡ. ಕಾಲು ನಡುಗುತ್ತದೆ, ನಡುಗಲಿ. ಮೊದಮೊದಲು ಕಾಲ್ಬೆರಳುಗಳು ತಾವಾಗೇ ಬೋರ್ಡನ್ನು ಕಚ್ಚಿ ಹಿಡಿಯುತ್ತವೆ. ಅಂಗಾಲಿನ ಒಳಗೆ, ಹಿಮ್ಮಡಿಗೂ ಬೆರಳಿಗೂ ನಡುವೆ, ಒಂದು ನರ ಎಳೆದು ಕಟ್ಟಿದ ಹಾಗೆ ನೋವು ಬರುತ್ತದೆ. ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಮೇಷ್ಟ್ರು ನೀರಿನಾಚೆಯಿಂದ "ಬೆರಳು ಎತ್ತಿ ಮಾರಾಯ್ರೇ" ಅಂತ ಕೂಗುತ್ತಿರುತ್ತಾನೆ. ಬೆರಳು ಸಡಿಲ ಬಿಟ್ಟರೆ ಮಂಡಿ ಸಡಿಲ ಆಗುತ್ತದೆ, ಮಂಡಿ ಸಡಿಲ ಆದರೆ ಅಲೆ ಬಂದಾಗ ಬೋರ್ಡ್ ಮಾತ್ರ ಓಲಾಡುತ್ತದೆ, ನೀನು ಓಲಾಡಲ್ಲ.

ಇನ್ನು ಪ್ಯಾಡಲ್. ನಿಂತು ಕೈ ಮೇಲಕ್ಕೆ ಚಾಚಿದರೆ ಮಣಿಕಟ್ಟಿನವರೆಗೆ ಬರುವಷ್ಟು ಉದ್ದ ಇರಬೇಕು. ಒಂದು ಕೈ ತುದಿಯ ಹಿಡಿಯ ಮೇಲೆ, ಇನ್ನೊಂದು ಕೋಲಿನ ನಡುವೆ. ಕೆಳಗಿನ ಅಲಗು ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕಿರಬೇಕು. ನೋಡೋಕೆ ಉಲ್ಟಾ ಅನ್ನಿಸುತ್ತದೆ, ಆದರೆ ಅದೇ ಸರಿ.

ಸಂಗಮದ ಹರಿಗೋಲಿನವರನ್ನು ನೆನಪು ಮಾಡಿಕೋ. ಅವರು ಹುಟ್ಟನ್ನು ಪಕ್ಕದಲ್ಲಿ ಹಿಂದಕ್ಕೆ ತಳ್ಳಲ್ಲ, ಎದುರಿಗೆ ಊರಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಇಲ್ಲಿ ಪ್ಯಾಡಲ್ ಪಕ್ಕದಲ್ಲೇ ಇಳಿದರೂ ಎಳೆತ ಅದೇ. ಕೈ ಎಷ್ಟು ಮುಂದಕ್ಕೆ ಹೋಗುತ್ತದೋ ಅಷ್ಟು ಮುಂದೆ ಅಲಗನ್ನು ಪೂರ್ತಿ ಮುಳುಗಿಸಿ, ಬೋರ್ಡನ್ನೇ ಅದರ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಪಾದದ ಹತ್ತಿರ ಬಂದ ಕೂಡಲೇ ಎತ್ತಿಬಿಡಬೇಕು. ಅದಕ್ಕಿಂತ ಹಿಂದೆ ಎಳೆದರೆ ಬೋರ್ಡ್ ತಿರುಗುತ್ತದೆಯೇ ಹೊರತು ಮುಂದೆ ಹೋಗಲ್ಲ. ಶಕ್ತಿಯನ್ನು ತೋಳಿನಿಂದಲ್ಲ, ಸೊಂಟ ತಿರುಗಿಸಿ ಹಾಕಬೇಕು. ಒಂದೇ ಕಡೆ ಹಾಕುತ್ತಿದ್ದರೆ ಮೂತಿ ಆಚೆ ಕಡೆಗೆ ತಿರುಗುತ್ತದೆ, ಅದಕ್ಕೆ ಆಗಾಗ ಬದಿ ಬದಲಿಸಬೇಕು. ಹರಿಗೋಲಿನ ಅಣ್ಣಂದಿರನ್ನು ಈ ಬೋರ್ಡ್ ಮೇಲೆ ನಿಲ್ಲಿಸಿದರೆ ನಮ್ಮ ಮೇಷ್ಟ್ರಿಗೇ ಕೆಲಸ ಇರಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಬೀಳುವುದಕ್ಕೂ ಒಂದು ಪಾಠ ಇದೆ. ಬೋರ್ಡಿನಿಂದ ದೂರಕ್ಕೆ, ಮೈ ಅಗಲ ಮಾಡಿಕೊಂಡು ಬೀಳಬೇಕು. ತಲೆ ಮುಂದಾಗಿ ಧುಮುಕಬಾರದು, ಆಳ ಎಷ್ಟಿದೆ ಅಂತ ಯಾರಿಗೆ ಗೊತ್ತು? ಬೋರ್ಡನ್ನು ಕಾಲಿಗೆ ಒಂದು ಬಳ್ಳಿಯಲ್ಲಿ ಕಟ್ಟಿರುತ್ತಾರೆ, ಲೀಶ್ ಅಂತ. ಹಾಗಾಗಿ ಅದು ತೇಲಿಹೋಗಲ್ಲ. ಹರಿಯುವ ಹೊಳೆಯಲ್ಲಿ ಮಾತ್ರ ಕಾಲಿಗೆ ಕಟ್ಟುವುದು ಅಪಾಯ. ಬಳ್ಳಿ ಬಂಡೆಗೋ ಕೊಂಬೆಗೋ ಸಿಕ್ಕಿಕೊಂಡರೆ ಸೆಳೆತದಲ್ಲಿ ಬಗ್ಗಿ ಬಿಚ್ಚೋಕೆ ಆಗಲ್ಲ. ಅಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಸೊಂಟದ ಪಟ್ಟಿ ಬೇರೆ ಇರುತ್ತದೆ. ನಾಲೆ, ಹೊಳೆ ಬೇಡ ಅಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ಮತ್ತೆ ಹತ್ತುವಾಗ ಬೋರ್ಡಿನ ಪಕ್ಕಕ್ಕೆ ಬಂದು, ನಡುವಿನ ಹಿಡಿ ಹಿಡಿದು, ಕಾಲನ್ನು ಹಿಂದೆ ನೀರಿನ ಮೇಲ್ಮಟ್ಟಕ್ಕೆ ತಂದು ಜೋರಾಗಿ ಒದೆಯುತ್ತಾ ಹೊಟ್ಟೆ ಮೇಲೆ ಜಾರಿಕೊಳ್ಳಬೇಕು. ಇದರಲ್ಲಿ ನಿನ್ನ ಈಜು ಉಪಯೋಗಕ್ಕೆ ಬರುತ್ತದೆ, ಒಪ್ಪಿದೆ. ಲೈಫ್ ಜಾಕೆಟ್ ಮಾತ್ರ ಹಾಕಲೇಬೇಕು. ಈಜು ಬರುತ್ತೆ ಅನ್ನುವ ವಾದ ಆ ಕೆರೆಯಲ್ಲಿ ನಡೆಯಲ್ಲ.

ನನಗೆ ಜಾಸ್ತಿ ಹೆದರಿಕೆ ಇರುವುದು ನೀರಿಗಲ್ಲ, ಗಾಳಿಗೆ. ನಿಂತವನ ಮೈಯೇ ಹಾಯಿ. ಗಾಳಿ ಬೆನ್ನಿಗಿದ್ದರೆ "ಅಬ್ಬಾ, ಎಷ್ಟು ಬೇಗ ಕಲಿತೆ" ಅನ್ನಿಸುತ್ತದೆ, ವಾಪಸ್ ತಿರುಗಿದಾಗಲೇ ಅಸಲಿ ಲೆಕ್ಕ. ಅದಕ್ಕೆ ಯಾವಾಗಲೂ ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿಯೇ ತಂದುಬಿಡಲಿ. ಮಧ್ಯೆ ಗಾಳಿ ಜೋರಾದರೆ ಮರ್ಯಾದೆ ನೋಡದೆ ಮೊಣಕಾಲೂರಬೇಕು, ಇನ್ನೂ ಜೋರಾದರೆ ಮಲಗಿ ಕೈಯಲ್ಲೇ ಹುಟ್ಟು ಹಾಕಬೇಕು. ಆಷಾಢದಲ್ಲಿ ಈ ಆಟ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಚಳಿಗಾಲದ ಬೆಳಗ್ಗೆ ಚೆನ್ನ.

ಇದನ್ನು ಯಾರು ಕಂಡುಹಿಡಿದರೋ ಅಂತ ಕೇಳಿದ್ದೀಯ. ಈಗಿನ ರೂಪ ಹವಾಯಿ ದ್ವೀಪಗಳಿಂದ ಬಂದದ್ದು. ಕಳೆದ ಶತಮಾನದ ನಡುಭಾಗದಲ್ಲಿ ವೈಕಿಕಿ ಕಡಲತೀರದಲ್ಲಿ ಸರ್ಫಿಂಗ್ ಹೇಳಿಕೊಡುತ್ತಿದ್ದವರು ದೊಡ್ಡ ಬೋರ್ಡ್ ಮೇಲೆ ನಿಂತು ಹುಟ್ಟು ಹಾಕುತ್ತಾ ಕಲಿಯುವವರ ಮೇಲೆ ಕಣ್ಣಿಡುತ್ತಿದ್ದರು, ಅವರ ಫೋಟೊ ತೆಗೆಯುತ್ತಿದ್ದರು. ನಿಂತರೆ ದೂರ ಕಾಣುತ್ತದಲ್ಲ, ಅಷ್ಟೇ ಕಾರಣ. ಬೇರೆ ದೇಶಗಳಿಗೆ ಹಬ್ಬಿದ್ದು 2000ದ ಈಚೆಗೆ. ನಮ್ಮ ಕರಾವಳಿಯ ತನ್ವಿ ಜಗದೀಶ್ ಇದರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. 2024ರಲ್ಲಿ ಮಂಗಳೂರಿನ ಹತ್ತಿರ ಸಸಿಹಿತ್ಲು ಕಡಲತೀರದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು. ನಾವು ಘಟ್ಟದ ಮೇಲಿನವರು ಸ್ವಲ್ಪ ತಡ, ಅಷ್ಟೇ.

ಬರುವುದಾದರೆ ಹಿಂದಿನ ರಾತ್ರಿ ಫೋನ್ ಮಾಡು, ಗಾಳಿ ನೋಡಿ ಹೇಳುತ್ತೇನೆ. ಜೀನ್ಸ್ ಹಾಕಿಕೊಂಡು ಬರಬೇಡ, ಬೇಗ ಒಣಗುವ ಚಡ್ಡಿ ಸಾಕು. ಕನ್ನಡಕಕ್ಕೆ ದಾರ ಕಟ್ಟಿಕೋ. ಮೊಬೈಲ್ ಕಾರಲ್ಲೇ ಬಿಡು. ನಿಮ್ಮ ಮನೆಯವರನ್ನೂ ಕರೆದುಕೊಂಡು ಬಾ. ನಮ್ಮ ಗುಂಪಿನಲ್ಲಿ ಗಂಡಸರಿಗಿಂತ ಹೆಂಗಸರೇ ಬೇಗ ಎದ್ದು ನಿಂತರು, ಅವರೂ ನೋಡಲಿ. ನೀನು ಬೀಳೋದನ್ನ ದಡದಿಂದ ವಿಡಿಯೊ ಮಾಡೋಕೂ ಒಬ್ಬರು ಬೇಕಲ್ವಾ?

ಇಂತಿ,
ನಿನ್ನ ನಾಲೆ ಕಾಲದ ಗೆಳೆಯ