ಟೈಂಪಾಸ್‌ಗೆ ಓದುವವರನ್ನು ಹೀಗಳೆಯಬೇಡಿ

ಮಾನ್ಯ ಸಂಪಾದಕರೇ,

ಈಚೆಗೆ ಶಿರಸಿಯಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ವೇದಿಕೆ ಮೇಲಿದ್ದವರೊಬ್ಬರು, ಟೈಂಪಾಸ್‌ಗೆ ಓದುವುದು ಓದೇ ಅಲ್ಲ, ಅಂಥವರು ಓದದಿದ್ದರೂ ನಷ್ಟವಿಲ್ಲ ಎಂದರು. ಅದಕ್ಕೆ ಚಪ್ಪಾಳೆ ಬೇರೆ. ನನಗೆ ತುಂಬಾ ಬೇಜಾರಾಯಿತು.

ನಮ್ಮ ಮನೆಯಲ್ಲಿ ಓದು ಬೆಳೆದದ್ದೇ ಟೈಂಪಾಸ್‌ನಿಂದ. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರಿಗೆ ಕೈಗೆ ಪುರುಸೊತ್ತಿರಲಿಲ್ಲ, ಕಿವಿಗಿತ್ತು. ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ಕಂತು ಮುಗಿದರೆ ಆಯಿ, ಅತ್ತೆ, ಪಕ್ಕದ ಮನೆಯವರು ಎಲ್ಲ ಸೇರಿ ಮುಂದೇನಾಗಬಹುದು ಅಂತ ವಾದ ಮಾಡುತ್ತಾ ಇನ್ನೊಂದು ಬುಟ್ಟಿ ಅಡಿಕೆ ಸುಲಿದು ಮುಗಿಸುತ್ತಿದ್ದರು. ಆಯಿಗೆ ಓದುವ ಚಟ ಹತ್ತಿದ್ದು ಅಲ್ಲೇ. ಅದೂ ನಷ್ಟದ ಲೆಕ್ಕವಾ?

ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಕಥೆಗಳ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಓದಿನ ರುಚಿ ಕಂಡವರು ಎಷ್ಟೋ ಜನ. ಹಿಂದಿನ ಲೇಖಕಿಯರ ಕಾದಂಬರಿಗಳನ್ನೂ ಅಡುಗೆಮನೆ ಸಾಹಿತ್ಯ ಅಂತ ಜರೆದವರಿದ್ದರು. ತ್ರಿವೇಣಿ 1963ರಲ್ಲೇ ತೀರಿಕೊಂಡರು, ಅವರ ಪುಸ್ತಕಗಳಿಗೆ ಇವತ್ತಿಗೂ ಓದುಗರಿದ್ದಾರೆ.

ಲೈಬ್ರರಿಯಲ್ಲಿ ಇಂಥದ್ದೊಂದು ಹಳೇ ಕಾದಂಬರಿ ತೆಗೆದು ನೋಡಿ. ಪುಟದ ಅಂಚು ಬಟ್ಟೆಯ ಹಾಗೆ ಮೆತ್ತಗಾಗಿರುತ್ತದೆ. ಕಡೇ ಪುಟದಲ್ಲಿ ಬೇರೆ ಬೇರೆ ಕೈಬರಹ: 'ಚೆನ್ನಾಗಿದೆ', 'ಓದಿ ಅಳು ಬಂತು', 'ಕೊನೆ ಸರಿಯಿಲ್ಲ'. ಪುಸ್ತಕದ ಮೇಲೆ ಬರೆಯುವುದು ತಪ್ಪು, ಒಪ್ಪುತ್ತೇನೆ. ಆದರೂ ಆ ಸಾಲುಗಳನ್ನು ಓದುವಾಗ ನನಗೆ ಖುಷಿಯಾಗುತ್ತದೆ.

ಗಂಭೀರ ಸಾಹಿತ್ಯ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಹನೇಹಳ್ಳಿಯವರೇ ಆದ ಯಶವಂತ ಚಿತ್ತಾಲರನ್ನು ನಾನು ಇಷ್ಟಪಟ್ಟು ಓದುತ್ತೇನೆ, ಯಾರೋ ಗದರಿಸಿದರು ಅಂತಲ್ಲ. ಪರಿಚಯದ ಹುಡುಗಿಯೊಬ್ಬಳು ದೆವ್ವದ ಕಥೆ ಅಂದರೆ ಊಟ ಬಿಟ್ಟು ಓದುತ್ತಿದ್ದಳು. 'ಇಂಥದ್ದೆಲ್ಲ ಓದ್ತೀಯಾ' ಅಂತ ದೊಡ್ಡವರೊಬ್ಬರು ಎಲ್ಲರೆದುರು ಕೇಳಿದ ಮೇಲೆ ಬಿಟ್ಟಳು. ಅದರ ಬದಲು ಒಳ್ಳೆಯ ಪುಸ್ತಕ ಹಿಡಿದಳಾ? ಇಲ್ಲ, ಮೊಬೈಲ್ ಹಿಡಿದಳು.

ಗ್ರಂಥಾಲಯ ಶಾಸ್ತ್ರದ ತಜ್ಞ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು ಅದರಲ್ಲೊಂದು. ಯಾರ ಅಭಿರುಚಿ ಮೇಲು, ಯಾರದು ಕೀಳು ಅಂತ ಅವರು ವಿಂಗಡಿಸಲಿಲ್ಲ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುವಾಗ ಪತ್ತೇದಾರಿ ಓದುವವರಿಗೇನೂ ರಿಯಾಯಿತಿ ಇಲ್ಲವಲ್ಲ, ಮತ್ತೆ ಲೈಬ್ರರಿಗೆ ಪುಸ್ತಕ ಕೊಳ್ಳುವಾಗ ಮಾತ್ರ ಅವರನ್ನು ಯಾಕೆ ಮರೆಯಬೇಕು? ಪಂಚಾಯ್ತಿಯ ಲೈಬ್ರರಿಗಳಾದ ಅರಿವು ಕೇಂದ್ರಗಳಲ್ಲಿ ಒಂದು ನೋಟ್‌ಬುಕ್ ಇಡಲಿ, ಯಾರಿಗೆ ಯಾವ ಪುಸ್ತಕ ಬೇಕೋ ಅದರಲ್ಲಿ ಬರೆಯಲಿ. ಪರೀಕ್ಷೆಗೆ ಓದುವ ಮಕ್ಕಳೂ ಬರೆಯಲಿ, ಧಾರಾವಾಹಿ ಕಾದಂಬರಿ ಹುಡುಕಿಕೊಂಡು ಬರುವ ಅಜ್ಜಿಯೂ ಬರೆಯಲಿ. ಪುಸ್ತಕ ಬಿಡುಗಡೆ ನಡೆಸುವವರಲ್ಲೂ ಒಂದು ವಿನಂತಿ: ಮುಂದಿನ ಸಲ ಇಂಥ ಓದುಗರೊಬ್ಬರನ್ನೂ ವೇದಿಕೆಗೆ ಕರೆಯಿರಿ, ಏನು ಓದುತ್ತೀರಿ, ಯಾಕೆ ಇಷ್ಟ ಅಂತ ಕೇಳಿ.

– ಓದುಗಾರ್ತಿ, ಶಿರಸಿ