ದಾಂತೆಯ ಓದಿನಲ್ಲಿ ಜೊತೆಯಾದವರಿಗೆ ನಮಸ್ಕಾರ

ನಮ್ಮ ಓದುಬಳಗ ಕಳೆದ ವಾರ ಇಟಲಿಯ ಕವಿ ದಾಂತೆಯ ‘ವೀತಾ ನೋವಾ’ವನ್ನು ಓದಿ ಮುಗಿಸಿತು. ಅವನ ಮಹಾಕಾವ್ಯ ‘ಡಿವೈನ್ ಕಾಮೆಡಿ’ಗೆ ಕೈಹಾಕುವ ಮೊದಲು ಅದನ್ನು ಬರೆದವನು ಹೇಗೆ ರೂಪುಗೊಂಡ ಎಂದು ತಿಳಿಯುವ ಆಸೆ ನಮ್ಮದು. ಗದ್ಯ, ಪದ್ಯ ಎರಡೂ ಬೆರೆತ ಪುಸ್ತಕವಾದ್ದರಿಂದ ಚಂಪೂ ಓದಿ ಬೆಳೆದ ನಮಗೆ ಅದರ ನಡೆ ಹೊರಗಿನದು ಅನ್ನಿಸಲೇ ಇಲ್ಲ. ಈ ಓದು ದಡ ಸೇರಿದ್ದು ಹಲವರ ದೆಸೆಯಿಂದ. ಅವರನ್ನು ಎಲ್ಲರೆದುರು ನೆನೆಯಬೇಕು.

ಮೊದಲ ನಮಸ್ಕಾರ, ಇಟಾಲಿಯನ್ ಸಾಲುಗಳನ್ನು ನಮಗಾಗಿ ಗಟ್ಟಿಯಾಗಿ ಓದಿದ ಗೆಳತಿಗೆ. ಕೆಲಸ ಮುಗಿಸಿ ದಣಿದು ಬಂದ ರಾತ್ರಿಗಳಲ್ಲೂ ಅವರು ಬೇಸರಿಸಲಿಲ್ಲ. ಆ ಪುಸ್ತಕ ಹೇಳುವಂತೆ, ಹದಿನೆಂಟರ ದಾಂತೆ ತಾನು ಕಂಡ ಕನಸನ್ನು ಸಾನೆಟ್ಟಾಗಿ, ಅಂದರೆ ಹದಿನಾಲ್ಕು ಸಾಲಿನ ಪದ್ಯವಾಗಿ ಬರೆದು ಹೆಸರಾಂತ ಕವಿಗಳಿಗೆ ಕಳುಹಿಸಿ ಅರ್ಥ ಕೇಳಿದ್ದ. ಉತ್ತರ ಕೊಟ್ಟವರಲ್ಲಿ ಒಬ್ಬ ಗ್ವಿದೋ ಕವಲ್ಕಾಂತಿ, ವಯಸ್ಸಿನಲ್ಲೂ ಕೀರ್ತಿಯಲ್ಲೂ ಹಿರಿಯ. ಅಲ್ಲಿಂದ ಹುಟ್ಟಿದ ಸ್ನೇಹ ಎಷ್ಟು ಗಾಢವೆಂದರೆ, ದಾಂತೆ ಅವನನ್ನು ತನ್ನ ಮೊದಲ ಗೆಳೆಯ ಎಂದೇ ಕರೆದ. ಆದರೆ 1300ರಲ್ಲಿ ದಾಂತೆಯ ಊರು ಫ್ಲಾರೆನ್ಸಿನ ಆಡಳಿತ ಮಂಡಳಿ ಅಲ್ಲಿ ಕಾದಾಡುತ್ತಿದ್ದ ಎರಡೂ ಬಣಗಳ ಮುಖಂಡರನ್ನು ಊರಾಚೆ ಅಟ್ಟಿದಾಗ ಆ ಮಂಡಳಿಯಲ್ಲಿ ದಾಂತೆಯೂ ಇದ್ದ, ಅಟ್ಟಿಸಿಕೊಂಡವರಲ್ಲಿ ಗ್ವಿದೋ ಇದ್ದ. ಅಲ್ಲಿ ಕಾಯಿಲೆ ಬಿದ್ದ ಗ್ವಿದೋ ಅದೇ ಆಗಸ್ಟಿನಲ್ಲಿ ತೀರಿಕೊಂಡ. ಇದನ್ನು ಮಾತಾಡಿದ ದಿನ ನಮ್ಮ ಚರ್ಚೆ ಮುಂದಕ್ಕೆ ಹೋಗಲಿಲ್ಲ.

ನಮ್ಮ ಓದಿನ ನಡುವೆಯೇ ನನ್ನ ಅಮ್ಮ ಹೋದರು. ಬಳಗದವರು ಕೂಟವನ್ನು ನಮ್ಮ ಮನೆಯ ಜಗಲಿಗೇ ತಂದರು; ಮಾತಾಡು ಎಂದು ಯಾರೂ ಒತ್ತಾಯಿಸಲಿಲ್ಲ. ದಾಂತೆಗೆ ತಾಯಿ ತಪ್ಪಿದ್ದು ಬಾಲ್ಯದಲ್ಲೇ. ಒಂಬತ್ತನೆಯ ವರ್ಷದಿಂದ ಮನಸ್ಸು ತುಂಬಿದ್ದ ಪ್ರೇಯಸಿ ಬಿಯಾತ್ರಿಚೆ 1290ರಲ್ಲಿ ಸತ್ತಾಗ ಅವನು ರೋಮಿನ ಚಿಂತಕರಾದ ಬೊಯೀಥಿಯಸ್ಸನನ್ನೂ ಸಿಸೆರೋನನ್ನೂ ಓದತೊಡಗಿದ. ತತ್ತ್ವಶಾಸ್ತ್ರದ ವಾದಗಳು ನಡೆಯುತ್ತಿದ್ದ ಕಡೆ ಹೋಗಿ ಕೂತ. ಬೆಳ್ಳಿ ಹುಡುಕಹೋಗಿ ಚಿನ್ನ ಕಂಡೆ ಎಂದು ಮುಂದೆ ಅವನೇ ಬರೆದುಕೊಂಡ. ಆ ದಿನಗಳಲ್ಲಿ ತಮ್ಮ ಸ್ವಂತ ಬೊಯೀಥಿಯಸ್ ಪ್ರತಿಯನ್ನು ಮನೆಗೆ ತಂದುಕೊಟ್ಟ ನಿವೃತ್ತ ಗ್ರಂಥಪಾಲಕರೇ, ಅಂಚಿನಲ್ಲಿ ನೀವು ಬರೆದಿಟ್ಟಿದ್ದ ಟಿಪ್ಪಣಿಗಳು ನನ್ನ ಎಷ್ಟೋ ರಾತ್ರಿಗಳನ್ನು ದಾಟಿಸಿವೆ.

ಇನ್ನೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟರು. ಮಹಾಕಾವ್ಯದ ಮೊದಲ ಭಾಗ, ದಾಂತೆ ತಾನೇ ನರಕವನ್ನು ಹಾದುಹೋಗುವ ‘ನರಕ’ದ ಹದಿನೈದನೆಯ ಸರ್ಗವನ್ನು ಮೊದಲೇ ಒಮ್ಮೆ ಓದೋಣ ಎಂದು ಹಟ ಹಿಡಿದದ್ದು ನಾನು, ಅವರ ನೆನಪಿನಿಂದ. ಉರಿವ ಮರಳು, ಮೇಲಿಂದ ಉದುರುವ ಬೆಂಕಿ. ಸುಟ್ಟ ಮುಖದ ಒಬ್ಬ ಕೆಳಗಿನಿಂದ ಕೈಚಾಚಿ ದಾಂತೆಯ ನಿಲುವಂಗಿಯ ಅಂಚು ಹಿಡಿಯುತ್ತಾನೆ. ಅವನು ಬ್ರುನೆತ್ತೋ ಲತೀನಿ: ಪಂಡಿತ, ಫ್ಲಾರೆನ್ಸಿನ ರಾಜಕಾರಣಿ, ಒಮ್ಮೆ ದೇಶಭ್ರಷ್ಟನಾಗಿ ಫ್ರಾನ್ಸಿನಲ್ಲಿದ್ದು ಫ್ರೆಂಚಿನಲ್ಲಿ ವಿಶ್ವಕೋಶ ಬರೆದವನು. ದಾಂತೆ ಕೆಳಗಿಳಿಯುವಂತಿಲ್ಲ, ಆದ್ದರಿಂದ ದಂಡೆಯ ಮೇಲೆ ತಲೆ ಬಾಗಿಸಿಯೇ ಜೊತೆಜೊತೆಗೆ ನಡೆಯುತ್ತಾನೆ. ಮನುಷ್ಯ ಹೇಗೆ ಚಿರವಾಗಬಲ್ಲ ಎಂಬುದನ್ನು ನೀವು ಕಲಿಸಿದಿರಿ, ಬದುಕಿರುವವರೆಗೆ ಆ ಋಣ ನನ್ನ ಮಾತಿನಲ್ಲಿ ಕಾಣಬೇಕು ಅನ್ನುತ್ತಾನೆ. ಗುರುವನ್ನು ನರಕದಲ್ಲಿಟ್ಟವನೂ ಅವನೇ, ಅಲ್ಲಿಗೇ ಹೋಗಿ ಋಣ ಒಪ್ಪಿಕೊಂಡವನೂ ಅವನೇ. ಇಡೀ ಕಾವ್ಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಕೃತಜ್ಞತೆ ಕಂಡಿಲ್ಲ.

ಮೇಷ್ಟರೇ, ಪದ್ಯವನ್ನು ಮೊದಲು ಕಿವಿಗೆ ಕೊಡು, ಅರ್ಥ ಆಮೇಲೆ ಬರುತ್ತದೆ ಅಂದವರು ನೀವು. ನಮ್ಮ ಬಳಗ ಈಗಲೂ ಹಾಗೆಯೇ ಓದುತ್ತಿದೆ. ಮುಂದಿನ ತಿಂಗಳು ‘ನರಕ’ವನ್ನು ಮೊದಲ ಸರ್ಗದಿಂದ ಹಿಡಿಯುತ್ತೇವೆ. ನಿಮ್ಮನ್ನು ಕರೆತರಲು ನಾನೇ ಬರುತ್ತೇನೆ.